ಪಂಢರಪುರಕ್ಕೆ ಓಡುತ್ತಿದ್ದ ಸಣ್ಣ ಗಾಡಿ



ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆ ಪಂಢರಪುರದ ವಿಠ್ಠಲನ ಹೆಸರು ಕೇಳದ ಮನೆ ಇಲ್ಲ. ಆಷಾಢ ಏಕಾದಶಿ ಹತ್ತಿರ ಬಂತೆಂದರೆ ದಿಂಡಿ ಹೊರಡುತ್ತದೆ. ಕೊರಳಲ್ಲಿ ತುಳಸಿ ಮಾಲೆ, ಕೈಯಲ್ಲಿ ತಾಳ. ನಡೆಯಲು ಆಗದವರು ಏನು ಮಾಡುತ್ತಿದ್ದರು? ಬುತ್ತಿ ಕಟ್ಟಿಕೊಂಡು ಮಿರಜಕ್ಕೆ ಹೋಗುತ್ತಿದ್ದರು. ಅಲ್ಲಿ ರೈಲು ಹತ್ತುತ್ತಿದ್ದರು.

ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ರಾತ್ರಿ 'ರೈಲು' ಎಂಬ ಶಬ್ದ ಕಲಿಸುತ್ತಿದ್ದೆವು. ಹಲಗೆಯ ಮೇಲೆ ಬರೆದೆವು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಆಯಿ ಕೇಳಿದರು:

"ಯಾವ ರೈಲ್ರಿ ಅಕ್ಕೋರ? ದೊಡ್ಡದೋ, ಸಣ್ಣದೋ?"

ನಾವು ಮುಖ ಮುಖ ನೋಡಿಕೊಂಡೆವು. ಆಗ ಆಯಿ ಹೇಳಿದರು: "ಮಿರಜದಾಗ ಮೂರು ನಮೂನಿ ಗಾಡಿ ಇದ್ದೂ. ಪಂಢರಪುರದ್ದು ಎಲ್ಲಾಕಿಂತ ಸಣ್ಣದು. ಆಟಿಗಿ ಹಂಗ ಕಾಣತಿತ್ತು. ನಮ್ಮತ್ತಿ ಕೂಡ ಅದರಾಗ ಹೋಗಿದ್ದೆ."

ಎಳೆಯ ಹೆಣ್ಣುಮಕ್ಕಳು ಯಾರೂ ಆ ಗಾಡಿ ನೋಡಿರಲಿಲ್ಲ. ಅಂದು ಬರವಣಿಗೆ ಅಲ್ಲಿಗೇ ನಿಂತಿತು. ರೈಲಿನ ಮಾತೇ ನಡೆಯಿತು. ಆ ಮಾತಿನಿಂದ ಹುಟ್ಟಿದ್ದು ಈ ಪಾಠ. ಸಣ್ಣ ಗಾಡಿ ಅಂದರೆ ಏನು? ಅದರ ಇಂಜಿನ್ ಹೇಗೆ ಓಡುತ್ತಿತ್ತು? ಈಗ ಅದು ಎಲ್ಲಿ ಹೋಯಿತು? ಇಂಥ ಹಳೆಯ ಇಂಜಿನ್ನುಗಳನ್ನು ಯಾಕೆ ಕಾಪಾಡಬೇಕು, ಹೇಗೆ ದುರಸ್ತಿ ಮಾಡುತ್ತಾರೆ? ಬರ್ರಿ, ಓದೋಣ.

ಮೂರು ಗೇಣು ನಾಲ್ಕು ಬೆರಳು

ರೈಲು ಎರಡು ಹಳಿಗಳ ಮೇಲೆ ಓಡುತ್ತದೆ. ಎರಡು ಹಳಿಗಳ ನಡುವಿನ ಅಂತರಕ್ಕೆ 'ಗೇಜ್' ಎನ್ನುತ್ತಾರೆ. ನಮ್ಮ ದೇಶದಲ್ಲಿ ಮೂರು ತರಹದ ಗೇಜ್ ಹೆಚ್ಚಾಗಿ ಇದ್ದವು. ಈ ಅಳತೆಯನ್ನು ನಮ್ಮ ಕೈಯಿಂದಲೇ ಅಳೆಯಬಹುದು. ಒಂದು ಗೇಣು ಅಂದರೆ 9 ಇಂಚು. ಒಂದು ಬೆರಳಿನ ಅಗಲ ಮುಕ್ಕಾಲು ಇಂಚು.

ದೊಡ್ಡ ಗಾಡಿ, ಅಂದರೆ ಬ್ರಾಡ್ ಗೇಜ್. ಹಳಿಗಳ ನಡುವೆ ಐದೂವರೆ ಅಡಿ. ಅದು ಏಳು ಗೇಣು ನಾಲ್ಕು ಬೆರಳು. ನಡುವಿನದು ಮೀಟರ್ ಗೇಜ್. ಹೆಸರೇ ಹೇಳುವಂತೆ ಒಂದು ಮೀಟರ್. ಅದು ನಾಲ್ಕು ಗೇಣು ನಾಲ್ಕೂವರೆ ಬೆರಳು. ಸಣ್ಣ ಗಾಡಿ ಅಂದರೆ ನ್ಯಾರೋ ಗೇಜ್. ಪಂಢರಪುರದ ಗಾಡಿಯದು ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಬರೀ ಮೂರು ಗೇಣು ನಾಲ್ಕು ಬೆರಳು.

ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಮೂರನ್ನೂ ಎಳೆದು ನೋಡಿರಿ. ನಾವು ಎಳೆದು ನೋಡಿದೆವು. ಸಣ್ಣ ಗೇಜಿನ ಎರಡು ಗೆರೆಗಳ ನಡುವೆ ಒಬ್ಬಾಕೆ ಚಕ್ಕಳಮಕ್ಕಳ ಹಾಕಿ ಕುಳಿತರೆ ಮುಗಿಯಿತು, ಜಾಗವೇ ಉಳಿಯಲಿಲ್ಲ. ಇಷ್ಟು ಸಣ್ಣ ದಾರಿಯ ಮೇಲೆ ಇಂಜಿನ್, ಡಬ್ಬಿ, ಜನ, ಸಾಮಾನು ಎಲ್ಲ ಓಡಾಡುತ್ತಿದ್ದವು!

ಮಿರಜ ನಿಲ್ದಾಣ ನಮ್ಮ ಕಾಗವಾಡದ ಬಗಲಿಗೇ ಇದೆ. ಒಂದು ಕಾಲಕ್ಕೆ ಅಲ್ಲಿ ಈ ಮೂರೂ ಗೇಜಿನ ಗಾಡಿಗಳು ಬಂದು ನಿಲ್ಲುತ್ತಿದ್ದವು. ಪುಣೆ ಕಡೆಯದು ಬ್ರಾಡ್ ಗೇಜ್. ರಾಯಬಾಗ, ಕುಡಚಿ, ಶೇಡಬಾಳ ಹಾದು ಬರುವ ಬೆಳಗಾವಿಯ ದಾರಿ ಮೀಟರ್ ಗೇಜ್. ಅದು 1990ರ ದಶಕದಲ್ಲಿ ದೊಡ್ಡದಾಯಿತು. ಪಂಢರಪುರದ ಕಡೆಯದು ನ್ಯಾರೋ ಗೇಜ್. ಚಿಕ್ಕೋಡಿ ರೋಡಿನಲ್ಲಿ ಹತ್ತಿದ ಹೆಣ್ಣುಮಗಳು ಮಿರಜದಲ್ಲಿ ಇಳಿದು, ಗಂಟು ಹೊತ್ತುಕೊಂಡು, ಇನ್ನೊಂದು ಗಾಡಿಗೆ ಓಡಬೇಕಿತ್ತು. ನಿಪ್ಪಾಣಿಗೆ ಅಂತೂ ರೈಲೇ ಇಲ್ಲ. ಅಲ್ಲಿಯವರು ಬಸ್ಸಿನಲ್ಲಿ ಬಂದು ಸೇರಬೇಕು.

ಗಾಡಿ ಕಟ್ಟಿಸಿದವರು

ಈ ಸಣ್ಣ ರೈಲಿನ ಹೆಸರು ಬಾರ್ಶಿ ಲೈಟ್ ರೈಲ್ವೆ. ಬಾರ್ಶಿ ಎಂಬುದು ಸೋಲಾಪುರ ಜಿಲ್ಲೆಯ ಊರು. ಹತ್ತಿಯ ಪೇಟೆ. ದೊಡ್ಡ ರೈಲು ಆ ಊರಿಗೆ ಬಂದಿರಲಿಲ್ಲ. ಕುರ್ಡುವಾಡಿಯ ಮೇಲೆ ಹಾದುಹೋಗಿತ್ತು. ಹತ್ತಿಯನ್ನೆಲ್ಲ ಚಕ್ಕಡಿಗಳಲ್ಲಿ ಹೇರಿಕೊಂಡು ಅಲ್ಲಿಯವರೆಗೆ ಹೋಗಬೇಕಿತ್ತು.

ಎವೆರಾರ್ಡ್ ಕಾಲ್ತ್ರಾಪ್ ಎಂಬ ಇಂಗ್ಲಿಷ್ ಇಂಜಿನಿಯರ್ ಇದನ್ನು ನೋಡಿದರು. ಇಲ್ಲಿಗೆ ಸಣ್ಣ ರೈಲು ಸಾಕು ಎಂದರು. ಸಣ್ಣ ರೈಲಿಗೆ ಹಗುರ ಹಳಿ ನಡೆಯುತ್ತದೆ. ನೆಲ ಕಡಿಯುವ ಕೆಲಸ ಕಡಿಮೆ. ತಿರುವು ಎಷ್ಟೇ ಇದ್ದರೂ ಬಳುಕಿ ಹೋಗುತ್ತದೆ. ಖರ್ಚು ಕಡಿಮೆ. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿಗೆ ಮೊದಲ ಗಾಡಿ ಓಡಿತು. ಸುಮಾರು 35 ಕಿಲೋಮೀಟರ್ ದಾರಿ.

ಆದರೆ ಹಗುರ ಹಳಿಯ ಮೇಲೆ ಭಾರದ ಇಂಜಿನ್ ಹೋದರೆ ಹಳಿ ಬಾಗುತ್ತದೆ. ಅದಕ್ಕೆ ಕಾಲ್ತ್ರಾಪ್ ಒಂದು ಯುಕ್ತಿ ಮಾಡಿದರು. ಮದುವೆಯ ಮನೆಯ ದೊಡ್ಡ ಕೊಪ್ಪರಿಗೆಯನ್ನು ಇಬ್ಬರು ಎತ್ತಿದರೆ ನಡು ಮುರಿಯುತ್ತದೆ. ಆರು ಮಂದಿ ಕೈ ಹಚ್ಚಿದರೆ ಹಗುರ. ಹಾಗೆ ಇಂಜಿನ್ನಿನ ಭಾರವನ್ನು ಹೆಚ್ಚು ಚಕ್ರಗಳಿಗೆ ಹಂಚಿದರು. ಮೊದಲ ಐದು ಇಂಜಿನ್ನುಗಳು ಇಂಗ್ಲೆಂಡಿನ ಲೀಡ್ಸ್ ಊರಿನ ಕಿಟ್ಸನ್ ಕಾರ್ಖಾನೆಯಲ್ಲಿ ತಯಾರಾದವು. ಒಂದೊಂದಕ್ಕೂ ಎಳೆಯುವ ಚಕ್ರ ಎಂಟು, ಹಿಂದೆ ಆಸರೆಯ ಚಕ್ರ ನಾಲ್ಕು. ಯಾವ ಜೋಡಿ ಚಕ್ರದ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು ಎಂಬುದು ಅವರ ಲೆಕ್ಕ. ಆಗಿನ ಹಳಿ ಒಂದು ಮೀಟರಿಗೆ ಸುಮಾರು 15 ಕಿಲೋ ತೂಗುತ್ತಿತ್ತು. ಈಗಿನ ದೊಡ್ಡ ರೈಲಿನ ಹಳಿ ಮೀಟರಿಗೆ 60 ಕಿಲೋ ಇರುತ್ತದೆ. ಎಷ್ಟು ಫರಕು ನೋಡಿರಿ.

ಹಳಿ ಮುಂದೆ ಮುಂದೆ ಬೆಳೆಯಿತು. 1906ರಲ್ಲಿ ಪಂಢರಪುರಕ್ಕೆ ಬಂತು. 1911ರಲ್ಲಿ ಲಾತೂರಿಗೆ ಹೋಯಿತು. 1927ರಲ್ಲಿ ಮಿರಜಕ್ಕೆ ಮುಟ್ಟಿತು. ಆಗ ನಮ್ಮ ಭಾಗಕ್ಕೂ ಪಂಢರಪುರ ಹತ್ತಿರವಾಯಿತು. ಮಿರಜದಿಂದ ಲಾತೂರಿನವರೆಗೆ ಒಟ್ಟು ಸುಮಾರು 325 ಕಿಲೋಮೀಟರ್. ಇದು ಕಂಪನಿಯ ರೈಲು. 1954ರಲ್ಲಿ ಸರಕಾರ ತನ್ನ ಕೈಗೆ ತೆಗೆದುಕೊಂಡಿತು.

ಒಲೆ, ಹಂಡೆ, ಊದುಗೊಳವೆ

ಉಗಿ ಇಂಜಿನ್ ಅಂದರೆ ಗಂಡಸರಿಗಷ್ಟೇ ತಿಳಿಯುವ ವಿದ್ಯೆ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಅಡುಗೆ ಮನೆಯಲ್ಲಿ ಕೆಲಸ ಮಾಡಿದವರಿಗೆ ಅದು ಬೇಗ ತಿಳಿಯುತ್ತದೆ.

ಅನ್ನದ ಪಾತ್ರೆಯ ಮುಚ್ಚಳ ಕುಣಿಯುವುದನ್ನು ನೋಡಿದ್ದೀರಿ. ಯಾಕೆ ಕುಣಿಯುತ್ತದೆ? ನೀರು ಉಗಿಯಾದಾಗ ಬಹಳ ಹಿಗ್ಗುತ್ತದೆ. ಒಂದು ತಂಬಿಗೆ ನೀರು ಪೂರ್ತಿ ಉಗಿಯಾದರೆ 1,600 ತಂಬಿಗೆಗಿಂತ ಹೆಚ್ಚು ಜಾಗ ಬೇಡುತ್ತದೆ. ಜಾಗ ಸಿಗದಿದ್ದರೆ ದೂಡುತ್ತದೆ. ಆ ದೂಡುವ ಬಲದಿಂದಲೇ ರೈಲು ಓಡುವುದು.

ಇಂಜಿನ್ನಿನ ಹಿಂಭಾಗದಲ್ಲಿ ಒಂದು ಒಲೆ ಇರುತ್ತದೆ. ಅದಕ್ಕೆ ಕಲ್ಲಿದ್ದಲು ಹಾಕುತ್ತಾರೆ. ಒಲೆಯ ಮುಂದೆ ಉದ್ದನೆಯ ಹಂಡೆ. ಅದಕ್ಕೆ ಬಾಯ್ಲರ್ ಎನ್ನುತ್ತಾರೆ. ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಇರುವುದು ನಿಮಗೆ ಗೊತ್ತು. ಇದು ಅದರ ತಮ್ಮ. ನಮ್ಮ ಹಂಡೆಗೆ ಬೆಂಕಿ ಕೆಳಗಿನಿಂದ ಮಾತ್ರ ತಗಲುತ್ತದೆ. ಇಲ್ಲಿ ಹಾಗಲ್ಲ. ಹಂಡೆಯ ಹೊಟ್ಟೆಯೊಳಗೆ ಹತ್ತಾರು ಕೊಳವೆಗಳು ಹಾದುಹೋಗುತ್ತವೆ. ಒಲೆಯ ಬಿಸಿ ಹೊಗೆ ಆ ಕೊಳವೆಗಳಲ್ಲಿ ಹಾಯುತ್ತದೆ. ಸುತ್ತಲಿನ ನೀರು ಬೇಗ ಕುದಿಯುತ್ತದೆ.

ಉಗಿ ಮೇಲೆ ಸೇರುತ್ತದೆ. ಅದನ್ನು ಕೊಳವೆಯ ಮೂಲಕ ಸಿಲಿಂಡರಿಗೆ ಬಿಡುತ್ತಾರೆ. ಸಿಲಿಂಡರಿನಲ್ಲಿ ಒಂದು ದಟ್ಟೆ ಹಿಂದೆ ಮುಂದೆ ಸರಿಯುತ್ತದೆ. ಸೈಕಲ್ ಪಂಪಿನ ಒಳಗಿನ ದಟ್ಟೆಯಂತೆ. ಪಂಪಿನಲ್ಲಿ ನಾವು ದಟ್ಟೆಯನ್ನು ದೂಡುತ್ತೇವೆ, ಗಾಳಿ ಹೊರಗೆ ಹೋಗುತ್ತದೆ. ಇಲ್ಲಿ ಉಗಿಯೇ ದಟ್ಟೆಯನ್ನು ದೂಡುತ್ತದೆ. ದಟ್ಟೆಗೆ ಕಬ್ಬಿಣದ ಕೋಲು ಕಟ್ಟಿರುತ್ತದೆ. ಆ ಕೋಲು ಚಕ್ರ ತಿರುಗಿಸುತ್ತದೆ.

ಮಕ್ಕಳು 'ಛುಕ್ ಛುಕ್' ಗಾಡಿ ಎನ್ನುತ್ತಾರಲ್ಲ, ಆ ಸಪ್ಪಳ ಎಲ್ಲಿಂದ ಬರುತ್ತದೆ? ಕೆಲಸ ಮುಗಿಸಿದ ಉಗಿ ಹೊಗೆಗೂಡಿನಿಂದ ಹೊರಗೆ ಹಾರುವ ಸಪ್ಪಳ ಅದು. ಹಾರುವಾಗ ಒಲೆಯ ಹೊಗೆಯನ್ನೂ ಜಗ್ಗಿಕೊಂಡು ಹೋಗುತ್ತದೆ. ಹೊಗೆ ಹೋದ ಜಾಗಕ್ಕೆ ಹೊಸ ಗಾಳಿ ಒಲೆಗೆ ನುಗ್ಗುತ್ತದೆ. ಬೆಂಕಿ ಧಗಧಗ ಉರಿಯುತ್ತದೆ. ಅಂದರೆ ಇಂಜಿನ್ ತನ್ನ ಊದುಗೊಳವೆಯನ್ನು ತಾನೇ ಊದಿಕೊಳ್ಳುತ್ತದೆ. ಗಾಡಿ ಜೋರಾಗಿ ಓಡಿದಷ್ಟೂ ಜೋರಾಗಿ ಊದುತ್ತದೆ. ಈ ಮಾತು ಹೇಳಿದಾಗ ನಮ್ಮ ಕೇಂದ್ರದ ಹೆಣ್ಣುಮಕ್ಕಳು ನಕ್ಕರು. "ನಮಗೂ ಅಂಥಾದೊಂದು ಒಲಿ ಬೇಕ್ರಿ" ಎಂದರು.

ಅಪಾಯವೂ ಇದೆ. ಕುಕ್ಕರಿನೊಳಗಿನ ಉಗಿಯ ಒತ್ತಡಕ್ಕಿಂತ ಇಂಜಿನ್ನಿನ ಒತ್ತಡ ಸುಮಾರು ಹತ್ತು ಪಟ್ಟು ಹೆಚ್ಚು. ಕುಕ್ಕರ್ ಸಿಡಿದರೆ ಏನಾಗುತ್ತದೆ ಎಂದು ಕೇಳಿದ್ದೀರಿ. ಬಾಯ್ಲರ್ ಸಿಡಿದರೆ ಇಂಜಿನ್ನೇ ಚೂರಾಗುತ್ತದೆ. ಅದಕ್ಕೆ ಕುಕ್ಕರಿನಂತೆ ಇಲ್ಲಿಯೂ ಸುರಕ್ಷೆಯ ವಾಲ್ವ್ ಉಂಟು. ಒಲೆಯ ಮಾಳಿಗೆಯಲ್ಲಿ ಸೀಸದ ಒಂದು ಬಿರಡೆ ಕೂಡ ಇರುತ್ತದೆ. ಹಂಡೆಯ ನೀರು ಕಡಿಮೆಯಾದರೆ ಸೀಸ ಕರಗುತ್ತದೆ. ತೂತಿನಿಂದ ಉಗಿ ಒಲೆಗೆ ನುಗ್ಗುತ್ತದೆ. ನಡೆಸುವವರಿಗೆ ಎಚ್ಚರಿಕೆ ಸಿಗುತ್ತದೆ.

ಸಣ್ಣ ಗಾಡಿ ನಿಂತಿತು

ಸಣ್ಣ ಗಾಡಿಯ ದೊಡ್ಡ ತೊಂದರೆ ಎಂದರೆ ಸಾಮಾನು. ಲಾತೂರಿನಿಂದ ಬಂದ ಚೀಲಗಳನ್ನು ಕುರ್ಡುವಾಡಿಯಲ್ಲೋ ಮಿರಜದಲ್ಲೋ ಇಳಿಸಬೇಕು. ಮತ್ತೆ ದೊಡ್ಡ ಗಾಡಿಗೆ ಹೇರಬೇಕು. ಎರಡೆರಡು ಸಲ ಹಮಾಲಿ. ವೇಗವೂ ಕಡಿಮೆ. ಓಡುವ ಗಾಡಿಯಿಂದ ಇಳಿದು, ಹೊಲದಲ್ಲಿ ಕಡಲೆ ಕಿತ್ತುಕೊಂಡು, ಓಡಿ ಹತ್ತುತ್ತಿದ್ದೆವು ಎಂದು ಹಿರಿಯರು ನಗುತ್ತಾ ಹೇಳುತ್ತಾರೆ. ಎಲ್ಲರೂ ಇದೇ ಮಾತು ಹೇಳುತ್ತಾರೆ, ಎಷ್ಟು ನಿಜವೋ ವಿಠ್ಠಲನೇ ಬಲ್ಲ.

ಮೊದಲು ಉಗಿ ಇಂಜಿನ್ ಹೋಯಿತು, ಡೀಸೆಲ್ ಇಂಜಿನ್ ಬಂತು. ಆಮೇಲೆ ಹಳಿಗಳನ್ನೇ ಕಿತ್ತು ದೊಡ್ಡ ಹಳಿ ಹಾಕಿದರು. 2002ರ ಸುಮಾರಿಗೆ ಶುರುವಾದ ಬದಲಾವಣೆ ಹಂತ ಹಂತವಾಗಿ ನಡೆದು 2011ರ ಹೊತ್ತಿಗೆ ಮಿರಜದವರೆಗೆ ಮುಗಿಯಿತು. ಈಗ ಮಿರಜದಿಂದ ಪಂಢರಪುರಕ್ಕೆ ದೊಡ್ಡ ಗಾಡಿಯೇ ಹೋಗುತ್ತದೆ. ಬೇಗ ಮುಟ್ಟುತ್ತದೆ. ಇದು ಒಳ್ಳೆಯದೇ. ಸಣ್ಣ ಗಾಡಿಯನ್ನೇ ಇಟ್ಟುಕೊಳ್ಳಬೇಕಿತ್ತು ಎಂದು ನಾವು ಹೇಳುವುದಿಲ್ಲ.

ಆದರೆ ಇಂಜಿನ್ನುಗಳ ಗತಿ? ಕೆಲಸ ನಿಂತ ಇಂಜಿನ್ ಗುಜರಿಗೆ ಹೋಗುತ್ತದೆ. ಗುಜರಿಯವನಿಗೆ ಅದು ಇಷ್ಟು ಟನ್ ಕಬ್ಬಿಣ, ಇಷ್ಟು ಕಿಲೋ ತಾಮ್ರ. ಕಾಲ್ತ್ರಾಪರ ಕಥೆಯನ್ನೇ ನೋಡಿರಿ. ಬಾರ್ಶಿಯ ರೈಲು ಚೆನ್ನಾಗಿ ನಡೆಯಿತೆಂದು ಅವರು 1904ರಲ್ಲಿ ಇಂಗ್ಲೆಂಡಿನಲ್ಲೂ ಅದೇ ಅಳತೆಯ ಒಂದು ರೈಲು ಮಾಡಿಸಿದರು. ಅಲ್ಲಿಯ ಒಂದು ಇಂಜಿನ್ನಿಗೆ ಅವರದೇ ಹೆಸರು ಇಟ್ಟಿದ್ದರು. ಆ ರೈಲು 1934ರಲ್ಲಿ ಮುಚ್ಚಿತು. ಅವರ ಹೆಸರಿನ ಇಂಜಿನ್ ಕೂಡ ಗುಜರಿಗೆ ಹೋಯಿತು. ಈಗ ಆ ದಾರಿ ಜನ ನಡೆದಾಡುವ ಕಾಲುದಾರಿಯಾಗಿದೆ.

ಬಣ್ಣ ಹಚ್ಚಿದರೆ ಉಳಿಯುವುದಿಲ್ಲ

ಒಂದು ಊರಿನಲ್ಲಿ ಕಚೇರಿಯ ಮುಂದೆ ಹಳೆಯ ಇಂಜಿನ್ ನಿಲ್ಲಿಸಿದ್ದನ್ನು ನಾವು ನೋಡಿದೆವು. ದೂರದಿಂದ ಬಹಳ ಚೆಂದ. ಕರಿ ಬಣ್ಣ, ಕೆಂಪು ಪಟ್ಟಿ. ಹತ್ತಿರ ಹೋಗಿ ನೀರಿನ ತೊಟ್ಟಿಯ ಮೂಲೆಯನ್ನು ಬೆರಳಿನಿಂದ ಒತ್ತಿದೆವು. ಬೆರಳು ಒಳಗೇ ಹೋಯಿತು! ಬಣ್ಣದ ಕೆಳಗೆ ಬರೀ ತುಕ್ಕು. ವರ್ಷಕ್ಕೊಮ್ಮೆ ತುಕ್ಕಿನ ಮೇಲೇ ಬಣ್ಣ ಬಳಿದಿದ್ದರು. ಮೇಲೆ ಚಪ್ಪರ ಇರಲಿಲ್ಲ. ಹೊಗೆಗೂಡಿನ ಬಾಯಿಗೆ ಮುಚ್ಚಳ ಇರಲಿಲ್ಲ. ಮಳೆಯ ನೀರು ಒಳಗೆ ಇಳಿದು, ಒಳಗಿನಿಂದ ತಿಂದು ಹಾಕಿತ್ತು. ಅಟ್ಟದ ಮೇಲಿನ ಹಳೆಯ ಟ್ರಂಕಿಗೆ ಆಗುವ ಗತಿ ಅದು.

ಹಳೆಯ ಇಂಜಿನ್ ಕಾಪಾಡುವುದರಲ್ಲಿ ಎರಡು ದಾರಿಗಳಿವೆ. ಒಂದು, ಓಡಿಸದೆ, ಇನ್ನಷ್ಟು ಕೆಡದಂತೆ ನೋಡಿಕೊಳ್ಳುವುದು. ಇನ್ನೊಂದು, ದುರಸ್ತಿ ಮಾಡಿ ಮತ್ತೆ ಓಡಿಸುವುದು. ಮೊದಲನೆಯದಕ್ಕೆ ಚಪ್ಪರ, ಎಣ್ಣೆ, ಕಾವಲು ಇದ್ದರೆ ಬಹಳ ಮಟ್ಟಿಗೆ ಸಾಕು. ಎರಡನೆಯದು ದೊಡ್ಡ ಕೆಲಸ. ಅದನ್ನು ಸ್ವಲ್ಪ ವಿವರವಾಗಿ ತಿಳಿಯೋಣ.

ಬಿಚ್ಚುವ ಮೊದಲು ಬರೆದುಕೊಳ್ಳಬೇಕು. ಇದೇ ಮೊದಲ ಕೆಲಸ. ಯಾವ ಬೋಲ್ಟು ಎಲ್ಲಿತ್ತು, ಯಾವ ಕೊಳವೆ ಎಲ್ಲಿಗೆ ಹೋಗುತ್ತಿತ್ತು, ಎಲ್ಲದಕ್ಕೂ ಚೀಟಿ ಕಟ್ಟುತ್ತಾರೆ. ಫೋಟೋ ತೆಗೆಯುತ್ತಾರೆ. ಹೊಲಿಗೆ ಮಷಿನ್ ಬಿಚ್ಚಿ ಮತ್ತೆ ಜೋಡಿಸಲು ಆಗದೆ ಒದ್ದಾಡಿದವರಿಗೆ ಇದರ ಬೆಲೆ ಗೊತ್ತು. ಇಂಜಿನ್ನಿನ ಮೇಲೂ ಅಕ್ಷರಗಳಿರುತ್ತವೆ. ಹಿತ್ತಾಳೆಯ ತಗಡಿನ ಮೇಲೆ ಕಾರ್ಖಾನೆಯ ಹೆಸರು, ವರ್ಷ, ನಂಬರು ಇರುತ್ತದೆ. ಕೋಲುಗಳ ಮೇಲೆ, ಚಕ್ರಗಳ ಮೇಲೆ ನಂಬರು ಕೆತ್ತಿರುತ್ತಾರೆ. ಬೇರೆ ಇಂಜಿನ್ನಿನ ನಂಬರು ಕಂಡರೆ, ಈ ಕೋಲನ್ನು ಆ ಇಂಜಿನ್ನಿನಿಂದ ತೆಗೆದು ಇದಕ್ಕೆ ಹಾಕಿದ್ದಾರೆ ಎಂದು ತಿಳಿಯುತ್ತದೆ.

ಆಮೇಲೆ ಬಾಯ್ಲರ್. ನಮ್ಮ ಕಡೆಯ ಸವಳು ನೀರು ಕಾಯಿಸಿದರೆ ಹಂಡೆಯೊಳಗೆ ಬಿಳಿ ಪದರು ಕಟ್ಟುತ್ತದೆ. ಬಾಯ್ಲರಿನಲ್ಲೂ ಅದೇ. ಪದರು ದಪ್ಪವಾದರೆ ಬಿಸಿ ನೀರಿಗೆ ಮುಟ್ಟುವುದಿಲ್ಲ, ಕಬ್ಬಿಣವೇ ಕಾದು ಕೆಡುತ್ತದೆ. ಅದನ್ನೆಲ್ಲ ಕೆರೆದು ತೊಳೆಯಬೇಕು. ತೆಳುವಾದ ಕೊಳವೆಗಳನ್ನು ತೆಗೆದು ಹೊಸದು ಹಾಕಬೇಕು. ತಗಡಿನ ದಪ್ಪ ಎಲ್ಲಿ ಎಷ್ಟು ಉಳಿದಿದೆ ಎಂದು ಅಳೆಯಬೇಕು.

ಇಲ್ಲಿ ಒಂದು ಜೀವದ ಮಾತು ಹೇಳಲೇಬೇಕು. ಹಳೆಯ ಇಂಜಿನ್ನುಗಳ ಹಂಡೆಗೆ ಬಿಸಿ ಆರದಂತೆ ಸುತ್ತಲೂ ಕೌದಿ ಹೊದಿಸಿದ ಹಾಗೆ ಒಂದು ಹೊದಿಕೆ ಹಾಕುತ್ತಿದ್ದರು. ಬಹಳ ಇಂಜಿನ್ನುಗಳಲ್ಲಿ ಆ ಹೊದಿಕೆ ಕಲ್ನಾರಿನದು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ಬರಬಹುದು. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿದ ಹೆಣ್ಣುಮಕ್ಕಳಿಗೆ ಧೂಳಿನ ಕಷ್ಟವನ್ನು ನಾವು ಹೇಳಿಕೊಡಬೇಕಿಲ್ಲ. ಆದ್ದರಿಂದ ಆ ಹೊದಿಕೆಯನ್ನು ತಿಳಿದವರೇ ತೆಗೆಯಬೇಕು. ಸರಿಯಾದ ಮುಖಗವುಸು ಬೇಕು. ಕೂಲಿಯ ಹೆಂಗಸರ ಕೈಗೆ ಕಸಬರಿಗೆ ಕೊಟ್ಟು ಗುಡಿಸು ಎಂದರೆ ಅದು ಅಪರಾಧ.

ಬಾಯ್ಲರ್ ಸರಿಯಾಯಿತೋ ಇಲ್ಲವೋ ಎಂದು ನೋಡಲು ಮೊದಲೇ ಬೆಂಕಿ ಹಾಕುವುದಿಲ್ಲ. ತಣ್ಣೀರು ತುಂಬಿ, ಪಂಪಿನಿಂದ ಒತ್ತಡ ಏರಿಸುತ್ತಾರೆ. ಓಡುವಾಗ ಇರುವ ಒತ್ತಡಕ್ಕಿಂತ ಹೆಚ್ಚೇ ಏರಿಸುತ್ತಾರೆ. ತಣ್ಣೀರೇ ಯಾಕೆ? ಬಿರುಕು ಇದ್ದರೆ ನೀರು ಜಿನುಗುತ್ತದೆ, ಉಗಿಯಂತೆ ಸಿಡಿದು ಯಾರನ್ನೂ ಸುಡುವುದಿಲ್ಲ. ಹೊಸ ಗಡಿಗೆಗೆ ಮೊದಲು ನೀರು ತುಂಬಿಸಿ ನೋಡುತ್ತೇವಲ್ಲ, ಹಾಗೆ.

ಚಕ್ರದ ಕೆಲಸ ನೋಡಿದರೆ ನಿಮಗೆ ಊರ ಕಮ್ಮಾರನ ನೆನಪು ಬರುತ್ತದೆ. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸುತ್ತಾರೆ. ತಣ್ಣಗಾದಾಗ ಪಟ್ಟಿ ಕುಗ್ಗಿ ಬಿಗಿಯಾಗಿ ಕೂಡುತ್ತದೆ. ಇಂಜಿನ್ನಿನ ಚಕ್ರಕ್ಕೂ ಉಕ್ಕಿನ ಪಟ್ಟಿಯನ್ನು ಕಾಯಿಸಿಯೇ ತೊಡಿಸುತ್ತಾರೆ. ಗಾತ್ರ ದೊಡ್ಡದು, ವಿದ್ಯೆ ಅದೇ.

ಕಳೆದುಹೋದ ಭಾಗಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಮಾಡಿದ ಕಾರ್ಖಾನೆಗಳೇ ಈಗ ಇಲ್ಲ. ಹೊಸದಾಗಿ ಎರಕ ಹೊಯ್ಯಬೇಕು. ಮೊದಲು ಕಟ್ಟಿಗೆಯಲ್ಲಿ ಅದೇ ಆಕಾರ ಮಾಡುತ್ತಾರೆ. ಬೀಡಿ ಎಲೆ ಕತ್ತರಿಸಲು ತಗಡಿನ ಅಳತೆ ಇಟ್ಟುಕೊಳ್ಳುತ್ತೀರಲ್ಲ, ಹಾಗೆ ಇದು ಎರಕದ ಅಳತೆ. ಆ ಕಟ್ಟಿಗೆಯನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಕರಗಿದ ಲೋಹ ಹೊಯ್ಯುತ್ತಾರೆ. ಬೆಳಗಾವಿ, ಕೊಲ್ಹಾಪುರ ಎರಡೂ ಊರುಗಳು ಎರಕದ ಕೆಲಸಕ್ಕೆ ಹೆಸರಾದವು. ನಮ್ಮ ಕಡೆಯ ಎಷ್ಟೋ ಮನೆಗಳ ಗಂಡಸರು ಅಲ್ಲಿಯ ಫೌಂಡ್ರಿಗಳಲ್ಲಿ ದುಡಿಯುತ್ತಾರೆ. ಹಾಗಾಗಿ ಈ ವಿದ್ಯೆ ದೂರದ್ದೇನೂ ಅಲ್ಲ. ತಮಿಳುನಾಡಿನ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ರೈಲ್ವೆ ಕಾರ್ಖಾನೆಯಲ್ಲಿ ಊಟಿಯ ಬೆಟ್ಟದ ರೈಲಿಗಾಗಿ ಹೊಸ ಉಗಿ ಇಂಜಿನ್ನುಗಳನ್ನೇ ಕಟ್ಟಿದ್ದಾರೆ. ಕೈಯ ವಿದ್ಯೆ ಉಳಿದಿದ್ದರಿಂದ ಅದು ಆಯಿತು.

ದುರಸ್ತಿಯಾದ ಮೇಲೂ ಕಾವಲು ಬೇಕು. 'ಫೇರಿ ಕ್ವೀನ್' ಎಂಬ ದೊಡ್ಡ ಗೇಜಿನ ಇಂಜಿನ್ 1855ರದು. 1997ರಲ್ಲಿ ಅದನ್ನು ಮತ್ತೆ ಓಡಿಸಿದರು. ಜಗತ್ತೇ ಹೊಗಳಿತು. 2011ರಲ್ಲಿ ಅದರ ಭಾಗಗಳನ್ನೇ ಕಳ್ಳರು ಬಿಚ್ಚಿಕೊಂಡು ಹೋದರು. ಚೆನ್ನೈಯ ಪೆರಂಬೂರು ಕಾರ್ಖಾನೆಯಲ್ಲಿ ಮತ್ತೆ ದುರಸ್ತಿಯಾಗಿ, 2017ರಲ್ಲಿ ಪುನಃ ಓಡಿತು. ಇಷ್ಟು ಹೆಸರಾದ ಇಂಜಿನ್ನಿಗೇ ಹೀಗಾದರೆ ಹೆಸರಿಲ್ಲದ ಸಣ್ಣ ಇಂಜಿನ್ನುಗಳ ಪಾಡೇನು?

ರೊಕ್ಕದ ಮಾತು

ಇಷ್ಟು ಹೇಳಿದ ಮೇಲೆ ಒಬ್ಬ ತಂಗಿ ಎದ್ದು ನಿಂತು ಕೇಳಿದಳು: "ನಮ್ಮ ಓಣ್ಯಾಗ ನಳಕ್ಕ ನೀರ ಬರೂದಿಲ್ಲ. ಹಳೇ ಇಂಜಿನ್ನಿಗೆ ಯಾಕ್ರಿ ರೊಕ್ಕ ಸುರೀಬೇಕು?"

ಪ್ರಶ್ನೆ ಸರಿಯಾಗಿದೆ. ನಾವು ಅದನ್ನು ಹಾರಿಸಿ ಹೋಗುವುದಿಲ್ಲ. ಎಲ್ಲ ಹಳೆಯ ಇಂಜಿನ್ ಓಡಿಸಬೇಕಾಗಿಲ್ಲ. ಓಡಿಸಿದರೆ ಸವೆಯುತ್ತದೆ, ಕಲ್ಲಿದ್ದಲು ಬೇಕು, ಕಲಿತ ಜನ ಬೇಕು. ಒಂದೊಂದು ತರಹದ್ದು ಒಂದೆರಡು ಓಡಲಿ. ಉಳಿದವು ಚಪ್ಪರದ ಕೆಳಗೆ ಒಣಗಿದ ಜಾಗ ಕಂಡರೆ ಸಾಕು. ಚಪ್ಪರಕ್ಕೆ ಬಹಳ ರೊಕ್ಕ ಬೇಡ. ನಳದ ರೊಕ್ಕ ಬೇರೆ ಗಂಟಿನದು. ಅದನ್ನು ಗ್ರಾಮಸಭೆಯಲ್ಲಿ ಕೇಳಿಯೇ ಕೇಳಬೇಕು. ಇಂಜಿನ್ ಗುಜರಿಗೆ ಹೋದ ಮಾತ್ರಕ್ಕೆ ನಳಕ್ಕೆ ನೀರು ಬರುವುದಿಲ್ಲ.

ಇನ್ನು ಓಡಿಸಿದಲ್ಲಿ ಊರಿಗೆ ಕೆಲಸವೂ ಸಿಗುತ್ತದೆ. ಡಾರ್ಜಿಲಿಂಗ್ ಬೆಟ್ಟದಲ್ಲಿ ಎರಡು ಅಡಿಯ ಗೇಜಿನ ಮೇಲೆ ನೂರು ವರ್ಷ ದಾಟಿದ ಉಗಿ ಇಂಜಿನ್ನುಗಳು ಓಡುತ್ತವೆ. 1999ರಲ್ಲಿ ಆ ರೈಲಿಗೆ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿತು. ಕಾಲ್ಕಾ-ಶಿಮ್ಲಾ ರೈಲಿಗೆ 2008ರಲ್ಲಿ ಸಿಕ್ಕಿತು. ಅದರ ಅಳತೆ ನಮ್ಮ ಪಂಢರಪುರದ ಗಾಡಿಯದೇ, ಮೂರು ಗೇಣು ನಾಲ್ಕು ಬೆರಳು. ಅಲ್ಲಿ 1905ರ ಒಂದು ಉಗಿ ಇಂಜಿನ್ನನ್ನು 2001ರಲ್ಲಿ ದುರಸ್ತಿ ಮಾಡಿ ಮತ್ತೆ ಹಳಿಗೆ ಇಳಿಸಿದರು. ನೋಡಲು ಜನ ಬರುತ್ತಾರೆ. ಚಹಾ ಮಾರುವವರಿಗೆ, ಕೋಣೆ ಬಾಡಿಗೆ ಕೊಡುವವರಿಗೆ, ಉಣ್ಣೆಯ ಬಟ್ಟೆ ಹೆಣೆಯುವ ಹೆಂಗಸರಿಗೆ ವ್ಯಾಪಾರ ಆಗುತ್ತದೆ.

ಎಲ್ಲಿ ನೋಡಬಹುದು

ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯ ಇದೆ. ದಿಲ್ಲಿಯಲ್ಲಿ 1977ರಿಂದ ರಾಷ್ಟ್ರೀಯ ರೈಲು ಸಂಗ್ರಹಾಲಯ ಇದೆ. ಅವು ನಮಗೆ ದೂರ. ಹತ್ತಿರದ್ದು ಹುಬ್ಬಳ್ಳಿಯದು. 2020ರ ಆಗಸ್ಟಿನಲ್ಲಿ ಶುರುವಾಯಿತು. ಹುಬ್ಬಳ್ಳಿ ನಿಲ್ದಾಣದ ಹತ್ತಿರ, ಗದಗ ರಸ್ತೆಯ ಕಡೆ ಇದೆ. ಅಲ್ಲಿ ಎರಡು ಹಳೆಯ ಕಲ್ಲಿನ ಮನೆಗಳಿಗೆ 'ಮಲಪ್ರಭಾ', 'ಘಟಪ್ರಭಾ' ಎಂದು ನಮ್ಮ ನದಿಗಳ ಹೆಸರನ್ನೇ ಇಟ್ಟಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಲು ಒಳ್ಳೆಯ ಜಾಗ. ಅಲ್ಲಿ ಫಲಕಗಳಿವೆ. ನೀವೇ ಓದಿ ಮಕ್ಕಳಿಗೆ ಹೇಳಿರಿ, ಮಕ್ಕಳ ಕೈಯಿಂದ ಓದಿಸಬೇಡಿರಿ.

ನಮ್ಮ ರಾಜ್ಯದಲ್ಲೂ ಸಣ್ಣ ಗೇಜಿನ ರೈಲು ಇತ್ತು. ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಓಡುತ್ತಿತ್ತು. ಆ ದಾರಿಯೂ ದೊಡ್ಡದಾಯಿತು. ಆದರೆ ನಂದಿ ಹಾಲ್ಟ್, ದೊಡ್ಡಜಾಲದಂಥ ಹಳೆಯ ನಿಲ್ದಾಣದ ಕಟ್ಟಡಗಳನ್ನು ಕೆಡವದೆ ದುರಸ್ತಿ ಮಾಡಿದ್ದಾರೆ.

ಕುರ್ಡುವಾಡಿಯಲ್ಲಿ ಸಣ್ಣ ಗಾಡಿಯ ಇಂಜಿನ್ ರಿಪೇರಿ ಮಾಡುತ್ತಿದ್ದ ಕಾರ್ಖಾನೆ ಇದೆ. ತಮ್ಮ ಹಳಿಯೇ ಹೋದ ಮೇಲೂ ಅಲ್ಲಿಯ ಕೆಲಸಗಾರರು ಮಾಥೇರಾನ್ ಬೆಟ್ಟದ ಪುಟ್ಟ ರೈಲಿನ ಡಬ್ಬಿಗಳ ಕೆಲಸ ಮಾಡಿದ್ದಾರೆ.

ಮನೆಯಲ್ಲಿ ಇರುವುದು

ಇಂಜಿನ್ ಕಾಪಾಡಲು ಚಪ್ಪರ ಬೇಕು. ಆದರೆ ಅದರಲ್ಲಿ ಕುಳಿತು ಹೋದವರ ಮಾತು ಯಾವ ಚಪ್ಪರದಲ್ಲೂ ಇಲ್ಲ. ಕಂಪನಿಯ ಕಾಗದದಲ್ಲಿ ಹತ್ತಿಯ ಲೆಕ್ಕ ಇದೆ, ಕಲ್ಲಿದ್ದಲಿನ ಲೆಕ್ಕ ಇದೆ. ಹೆಂಗಸರ ಡಬ್ಬಿಯಲ್ಲಿ ಏನು ನಡೆಯಿತು ಎಂದು ಯಾರೂ ಬರೆಯಲಿಲ್ಲ. ಬರೆಯಲು ಆ ಹೆಂಗಸರಿಗೆ ಅಕ್ಷರ ಬರುತ್ತಿರಲಿಲ್ಲ.

ನಿಮ್ಮ ಮನೆಯಲ್ಲಿ ಸಣ್ಣ ಗಾಡಿ ಹತ್ತಿದ ಹಿರಿಯರು ಇದ್ದರೆ ಕೇಳಿರಿ. ಯಾವ ಊರಲ್ಲಿ ಹತ್ತಿದರು? ಜೊತೆಗೆ ಯಾರಿದ್ದರು? ಬುತ್ತಿಗೆ ಏನು ಕಟ್ಟಿದ್ದರು? ರಾತ್ರಿ ಎಲ್ಲಿ ಮಲಗಿದರು? ಹಳೆಯ ತಿಕೀಟು, ಫೋಟೋ ಇದ್ದರೆ ಒಲೆಗೆ ಹಾಕಬೇಡಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಹಾಳಾಗುತ್ತದೆ, ಒಣಗಿದ ಕಾಗದದಲ್ಲಿ ಸುತ್ತಿ ಇಡಿರಿ. ಫೋಟೋದ ಹಿಂದೆ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಪೆನ್ನಿನ ಮಸಿ ಮುಂದಕ್ಕೆ ಇಳಿಯುತ್ತದೆ.

ನಮ್ಮ ಕೇಂದ್ರದ ಆಯಿ ಮುಂದಿನ ವಾರ ಪಾಟಿಯ ಮೇಲೆ ಬರೆದುಕೊಂಡು ಬಂದರು. ಒತ್ತಕ್ಷರ ಎರಡು ಕಡೆ ತಪ್ಪಿತ್ತು, ನಾವು ತಿದ್ದಿದೆವು. ಉಳಿದದ್ದು ಅವರದೇ:

"ನಾನು ಅತ್ತಿ ಕೂಡ ಪಂಢರಪುರಕ್ಕೆ ಹೋಗಿದ್ದೆ. ಗಾಡಿ ಸಣ್ಣದು. ಮಂದಿ ಬಹಳ. ಇಂಜಿನ್ನಿನ ಕಿಡಿ ಹಾರಿ ಸೆರಗಿಗೆ ತೂತು ಬಿತ್ತು. ಅತ್ತಿ ಬೈಲಿಲ್ಲ. ಸಂಗೋಲ್ಯಾಗ ಚಹಾ ಕುಡಿಸಿದ್ರು."

ತಿಕೀಟಿಗೆ ಎಷ್ಟು ಕೊಟ್ಟಿದ್ದರು ಎಂದು ಅವರಿಗೆ ನೆನಪಿಲ್ಲ. ಶೇಡಬಾಳದಲ್ಲಿರುವ ತಂಗಿಯನ್ನು ಕೇಳಿ ಬರೆಯುತ್ತೇನೆ ಎಂದಿದ್ದಾರೆ.